ಪದ್ಮಿನಿಯ ಎ.ಸಿ. ಪಂಪ್: ಹೊಸದೋ, ಗುಜರಿಯದೋ, ಹಳೆಯದನ್ನೇ ಬಿಚ್ಚಿ ಕಟ್ಟುವುದೋ?

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಪ್ರೀಮಿಯರ್ ಪದ್ಮಿನಿಯ ಎ.ಸಿ. ಪಂಪ್ ಸೋರಲು ಶುರುವಾಗಿದ್ದರೆ ಅದನ್ನು ಬಿಸಾಡಬೇಡಿ. ಮೆಕ್ಯಾನಿಕ್ ಕೈಗೂ ಕೊಟ್ಟು ಬರಬೇಡಿ, ಒಂದು ಬಟ್ಟೆಯಲ್ಲಿ ಸುತ್ತಿ ಮನೆಗೆ ತನ್ನಿ. ನಾನು ಹಾಗೆ ಮಾಡಿದ್ದು ಅದೃಷ್ಟ. ಇಲ್ಲದಿದ್ದರೆ ಇವತ್ತಿಗೂ ಹೊಸ ಪಂಪಿನ ಹಿಂದೆ ಅಲೆಯುತ್ತಿದ್ದೆ.

ಎ.ಸಿ. ಪಂಪ್ ಅಂದರೆ ತಂಪು ಗಾಳಿಯದಲ್ಲ. ಟ್ಯಾಂಕಿನಿಂದ ಪೆಟ್ರೋಲ್ ಎಳೆದು ಕಾರ್ಬೊರೇಟರ್‌ಗೆ ಕೊಡುವ, ಇಂಜಿನ್ ಪಕ್ಕದಲ್ಲಿ ಕೂರುವ ಪುಟ್ಟ ಪಂಪಿಗೆ ನಮ್ಮ ಮೇಸ್ತ್ರಿಗಳು ಹಿಂದಿನಿಂದ ಹೇಳುತ್ತಿರುವ ಹೆಸರು ಅದು. ಇಂಜಿನ್ ತಿರುಗಿದಾಗ ಅದರೊಳಗಿನ ಕ್ಯಾಮ್ ಅನ್ನುವ ಉಬ್ಬು ಪಂಪಿನ ಲಿವರ್ ಒತ್ತುತ್ತದೆ, ಲಿವರ್ ಪಂಪಿನೊಳಗಿನ ಡಯಾಫ್ರಾಮ್ ಅನ್ನುವ ರಬ್ಬರ್ ಪೊರೆಯನ್ನು ಎಳೆಯುತ್ತದೆ, ಸ್ಪ್ರಿಂಗ್ ಅದನ್ನು ವಾಪಸ್ ತಳ್ಳುತ್ತದೆ. ಇಷ್ಟೇ ಕೆಲಸ. ನಮ್ಮದು 1977ರ ಗಾಡಿ, ಅಪ್ಪಾಜಿ ಓಡಿಸುತ್ತಿದ್ದದ್ದು. ಹಾಸನದಲ್ಲಿ ಭಾನುವಾರ ಒಂದು ಸುತ್ತು, ವರ್ಷಕ್ಕೆ ಎರಡು ಸಲ ಧರ್ಮಸ್ಥಳ. ಅದರ ಓಡಾಟ ಅಷ್ಟೇ, ಆದರೆ ಆ ಎರಡು ಸಲವೂ ಘಾಟಿ ಹತ್ತಲೇಬೇಕು.

ಹಳೇ ಪಂಪಿನ ಕೆಳಗಿನ ಸಣ್ಣ ತೂತಿನಿಂದ ಪೆಟ್ರೋಲ್ ತೊಟ್ಟಿಕ್ಕಲು ಶುರುವಾದಾಗ "ಡಯಾಫ್ರಾಮ್ ಹರಿದಿದೆ ಸಾರ್, ಹೊಸದೇ ಹಾಕಿಬಿಡಿ" ಅಂದರು ಮೇಸ್ತ್ರಿ. ಬೆಂಗಳೂರಿಗೆ ಹೋಗಿ ಜೆ.ಸಿ. ರೋಡಿನ ಒಂದು ಅಂಗಡಿಯಲ್ಲಿ ಹೊಸದು ಕೊಂಡೆ. ಸುಮಾರು 900 ರೂಪಾಯಿ. ಡಬ್ಬಿ ಚೆನ್ನಾಗಿತ್ತು, ಬೋಲ್ಟ್ ತೂತುಗಳು ಸರಿಯಾಗಿ ಕೂತವು, ಮೊದಲ ಸೆಲ್ಫ್‌ಗೇ ಗಾಡಿ ಸ್ಟಾರ್ಟ್ ಆಯಿತು. ನನಗೆ ಖುಷಿಯೋ ಖುಷಿ.

ಮೂರನೇ ದಿನದಿಂದ ಗ್ಯಾರೇಜಿನಲ್ಲಿ ಪೆಟ್ರೋಲ್ ವಾಸನೆ. ಬಿಸಿ ಇಂಜಿನ್ ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೆ ಮತ್ತೆ ಸ್ಟಾರ್ಟ್ ಮಾಡಲು ಹರಸಾಹಸ. ಬಾನೆಟ್ ಎತ್ತಿ ನೋಡಿದರೆ ಕಾರ್ಬೊರೇಟರ್ ಮೈಯೆಲ್ಲ ಒದ್ದೆ. ಕಾರ್ಬೊರೇಟರ್ ಒಳಗೆ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟ್ ಬದಲಿಸಿದೆವು, ಅದರ ನೀಡಲ್ ವಾಲ್ವ್ ಬದಲಿಸಿದೆವು, ಓವರ್‌ಫ್ಲೋ ನಿಲ್ಲಲಿಲ್ಲ. ಕೊನೆಗೆ ಹೊಸ ಪಂಪನ್ನೂ ಹಳೆಯದನ್ನೂ ಮೇಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟು ಅಳೆದಾಗ ಗೊತ್ತಾಯಿತು: ಹೊಸದರ ಲಿವರ್ ಎರಡು ಮಿಲಿಮೀಟರಿನಷ್ಟು ಹೆಚ್ಚು ಚಾಚಿಕೊಂಡಿದೆ. ಕ್ಯಾಮ್ ಅದನ್ನು ಬೇಕಾದ್ದಕ್ಕಿಂತ ಜಾಸ್ತಿ ಒತ್ತುತ್ತದೆ, ಒಳಗಿನ ಸ್ಪ್ರಿಂಗ್ ಜಾಸ್ತಿ ಕುಗ್ಗುತ್ತದೆ, ಪ್ರೆಷರ್ ಏರುತ್ತದೆ, ಫ್ಲೋಟಿನ ನೀಡಲ್‌ಗೆ ಅಷ್ಟು ಪ್ರೆಷರ್ ತಡೆಯುವ ಶಕ್ತಿ ಇಲ್ಲ.

ಇದಕ್ಕೆ ಮೇಸ್ತ್ರಿಗಳ ಹತ್ತಿರ ಹಳೇ ಉಪಾಯ ಇದೆ: ಪಂಪಿಗೂ ಇಂಜಿನ್‌ಗೂ ನಡುವೆ ಪ್ಯಾಕಿಂಗ್ ಹೆಚ್ಚಿಸುವುದು. ಎರಡು ಪ್ಯಾಕಿಂಗ್ ಸೇರಿಸಿದೆವು. ಓವರ್‌ಫ್ಲೋ ನಿಂತಿತು, ಊರೊಳಗೆ ಗಾಡಿ ಚೆನ್ನಾಗಿಯೇ ಓಡಿತು. ಅದನ್ನೇ ನಂಬಿ ಧರ್ಮಸ್ಥಳಕ್ಕೆ ಹೊರಟೆವು. ಶಿರಾಡಿ ಇಳಿಯುವಾಗ ಏನೂ ತೊಂದರೆ ಇಲ್ಲ. ವಾಪಸ್ ಬರುವಾಗ ಗುಂಡ್ಯ ದಾಟಿ ಏರು ಶುರುವಾದ ಮೇಲೆ ಗಾಡಿ ಎರಡನೇ ಗೇರಿನಲ್ಲೇ ಮುಗ್ಗರಿಸಿ ನಿಂತಿತು. ಹಿಂದೆ ಟ್ಯಾಂಕರ್ ಲಾರಿಗಳ ಸಾಲು, ಕಾರಿನೊಳಗೆ ಎಪ್ಪತ್ತೆಂಟು ವರ್ಷದ ಅಮ್ಮ. ರಸ್ತೆ ಪಕ್ಕದ ಝರಿಯಲ್ಲಿ ಬಟ್ಟೆ ಅದ್ದಿ ಪಂಪಿನ ಮೇಲೆ ಹಾಕಿದೆ, ಅಪ್ಪಾಜಿ ಮಾಡುತ್ತಿದ್ದ ಹಾಗೆ. ಪಂಪಿನಲ್ಲಿ ಪೆಟ್ರೋಲ್ ಬಿಸಿಗೆ ಆವಿಯಾಗಿ ಗಾಳಿ ಕಟ್ಟಿದ್ದರೆ ಒದ್ದೆ ಬಟ್ಟೆಗೆ ಐದು ನಿಮಿಷದಲ್ಲಿ ಸರಿಹೋಗುತ್ತದೆ. ಅವತ್ತು ಅದರಿಂದ ಒಂದು ಫರ್ಲಾಂಗು ಮಾತ್ರ ಸಿಕ್ಕಿತು. ಪ್ಯಾಕಿಂಗ್ ದಪ್ಪವಾಗಿ ಲಿವರ್ ಪೂರ್ತಿ ಒತ್ತದೆ, ಏರಿನಲ್ಲಿ ಇಂಜಿನ್ ಕೇಳಿದಷ್ಟು ಪೆಟ್ರೋಲ್ ಬರುತ್ತಿರಲಿಲ್ಲ. ನಿಂತು, ತಣಿಸಿ, ಮತ್ತೆ ಹತ್ತಿಸಿ, ಹೀಗೆ ಸಕಲೇಶಪುರ ಮುಟ್ಟುವಾಗ ಕತ್ತಲಾಗಿತ್ತು.

ಒಂದು ಪ್ಯಾಕಿಂಗ್ ತೆಗೆದರೆ ಓವರ್‌ಫ್ಲೋ, ಹಾಕಿದರೆ ಏರಿನಲ್ಲಿ ನಿಲ್ಲುವುದು. ಕಾಗದ, ಕಾರ್ಕ್, ಫೈಬರ್ ಎಲ್ಲವನ್ನೂ ಕತ್ತರಿಸಿ ನೋಡಿದೆವು. ಎಂಟು ತಿಂಗಳು ಹೀಗೇ ಹೋಯಿತು. ಆಮೇಲೆ ಒಂದು ಬೆಳಿಗ್ಗೆ ಆಯಿಲ್ ಗೇಜ್ ಕಡ್ಡಿ ಎಳೆದು ನೋಡಿದರೆ ಆಯಿಲ್ ಕಡಿಮೆಯಾಗುವ ಬದಲು ಮೇಲೇರಿದೆ. ಮೂಗಿನ ಹತ್ತಿರ ಹಿಡಿದರೆ ಪೆಟ್ರೋಲ್ ವಾಸನೆ. ಹೊಸ ಪಂಪಿನ ಡಯಾಫ್ರಾಮ್ ಕೂಡ ಹರಿದು ಪೆಟ್ರೋಲ್ ನೇರವಾಗಿ ಇಂಜಿನ್ ಆಯಿಲ್ ನಿಲ್ಲುವ ಚೇಂಬರ್‌ಗೆ ಇಳಿಯುತ್ತಿತ್ತು. ಪೆಟ್ರೋಲ್ ಬೆರೆತ ಆಯಿಲ್ ನೀರಿನಂತೆ ತೆಳ್ಳಗಾಗುತ್ತದೆ, ಹಾಗೆಯೇ ಓಡಿಸಿದರೆ ಬೇರಿಂಗ್ ಕಥೆ ಮುಗಿಯಿತು. ಮೆಕ್ಯಾನಿಕಲ್ ಪಂಪ್ ಇರುವ ಗಾಡಿ ಯಾವುದೇ ಇರಲಿ, ಕಡ್ಡಿಯಲ್ಲಿ ಮಟ್ಟ ನೋಡಿದರೆ ಸಾಲದು, ವಾಸನೆಯನ್ನೂ ನೋಡಿ. ದಯವಿಟ್ಟು ನೋಡಿ.

ಇನ್ನು ಗುಜರಿ. ಶಿವಾಜಿನಗರದಲ್ಲಿ ಒಬ್ಬ ಭಾಯ್ ಹತ್ತಿರ ಒರಿಜಿನಲ್ ಪಂಪ್ 400ಕ್ಕೆ ಸಿಕ್ಕಿತು. ಅಲ್ಲಿ ಕೊಳ್ಳುವಾಗ ಒಂದು ಪರೀಕ್ಷೆ ಮಾಡಿ: ಪೆಟ್ರೋಲ್ ಒಳಬರುವ ನಳಿಕೆಯ ಬಾಯಿಗೆ ಬೆರಳು ಒತ್ತಿ ಲಿವರ್ ಅದುಮಿ. ಬೆರಳನ್ನು ಹಿಡಿದೆಳೆದ ಹಾಗಾಗಿ ಕೆಲವು ಸೆಕೆಂಡ್ ಹಾಗೇ ನಿಂತರೆ ವಾಲ್ವೂ ಡಯಾಫ್ರಾಮೂ ಜೀವಂತ ಇವೆ. ನಾನು ತಂದದ್ದು ಈ ಪರೀಕ್ಷೆ ಪಾಸಾಯಿತು, ಆದರೆ ಲಿವರ್ ಪಿನ್ನಿನ ತೂತು ಸವೆದು ಮೊಟ್ಟೆಯಾಕಾರ ಆಗಿತ್ತು. ಲಿವರ್ ಅಲ್ಲಾಡುತ್ತದೆ, ಪಂಪ್ ಟಕಟಕ ಅನ್ನುತ್ತದೆ. ಲೇತಿನಲ್ಲಿ ಆ ತೂತಿಗೆ ಬುಷ್ (ಲೋಹದ ಸಣ್ಣ ಬಳೆ) ಹಾಕಿಸುವ ಖರ್ಚು ಪಂಪಿನ ಬೆಲೆ ದಾಟುತ್ತದೆ.

ಗುಜರಿಯೂ ಮೊದಲಿನ ಹಾಗಿಲ್ಲ. ಮುಂಬೈಯಲ್ಲಿ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳು ಓಡುತ್ತಿದ್ದಷ್ಟು ದಿನ ಪಾರ್ಟ್ಸಿಗೂ ಬೇಡಿಕೆ ಇತ್ತು, ಮಾಡುವವರೂ ಇದ್ದರು. ಕೊನೆಯ ಟ್ಯಾಕ್ಸಿಯ 20 ವರ್ಷದ ಅವಧಿ 2023ರ ಅಕ್ಟೋಬರ್‌ನಲ್ಲಿ ಮುಗಿಯಿತು. ಈಗ ಕೇಳುವವರು ನಮ್ಮಂಥ ಕೆಲವರು ಮಾತ್ರ.

ಆನ್‌ಲೈನ್: ಫೋಟೋದಲ್ಲಿ ಹಳೇ ಡಬ್ಬಿ, ಬಂದದ್ದು ಜೆ.ಸಿ. ರೋಡಿನಲ್ಲಿ ಕೊಂಡ ಅದೇ ಉದ್ದ ಲಿವರಿನ ಮಾಲು. ವಾಪಸ್ ಕಳಿಸಿದೆ.

ಎಲೆಕ್ಟ್ರಿಕ್ ಪಂಪ್ ಹಾಕಿಬಿಡಿ ಅನ್ನುವವರೂ ಇದ್ದಾರೆ. ಕಾರ್ಬೊರೇಟರ್‌ಗೆ ತಕ್ಕ ಕಡಿಮೆ ಪ್ರೆಷರಿನದೇ ಸಿಕ್ಕರೆ ಕೆಲಸ ಆಗುತ್ತದೆ. ಇಂಜೆಕ್ಷನ್ ಗಾಡಿಯದನ್ನು ಹಾಕಿದರೆ ಕಾರ್ಬೊರೇಟರ್ ಕಾರಂಜಿ ಆಗುತ್ತದೆ. ಇಂಜಿನ್ ನಿಂತರೂ ಅದು ಪೆಟ್ರೋಲ್ ತಳ್ಳುತ್ತಲೇ ಇರುತ್ತದೆ ಅನ್ನುವುದು ನನಗೆ ಭಯ. ಇನ್ನೊಂದು ಕಾರಣವೂ ಇದೆ. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪ ಹೆಚ್ಚು ಬದಲಾಗದ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. ಆ ನೋಂದಣಿ ಮಾಡಿಸಿದರೆ ದಿನನಿತ್ಯ ಓಡಿಸುವಂತಿಲ್ಲ, ಹಾಗಾಗಿ ನಾನು ಮಾಡಿಸುತ್ತೇನೋ ಇಲ್ಲವೋ. ಆದರೂ ಅಪ್ಪಾಜಿಯ ಗಾಡಿ ಇದ್ದ ಹಾಗೇ ಇರಲಿ ಅಂತ ಆಸೆ.

ಕೊನೆಗೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಹಳೇ ಪಂಪನ್ನು ಬಿಚ್ಚಿದೆ. ಎರಕ ಗಟ್ಟಿ, ಪಿನ್ ಬಿಗಿ, ಸ್ಪ್ರಿಂಗ್ ಸರಿ. ಕೆಟ್ಟಿದ್ದು ರಬ್ಬರ್ ಒಂದೇ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20 ಎಥೆನಾಲ್. 1977ರಲ್ಲಿ ಪಂಪ್ ಮಾಡಿದವರ ತಲೆಯಲ್ಲಿ ಅದು ಇರಲು ಸಾಧ್ಯವಿರಲಿಲ್ಲ. ಹಳೇ ಕಾಲದ ರಬ್ಬರು ಅದರಲ್ಲಿ ಊದಿಕೊಳ್ಳುತ್ತದೆ ಅಥವಾ ಒಣಗಿ ಬಿರುಕು ಬಿಡುತ್ತದೆ.

ಹೊಸ ಡಯಾಫ್ರಾಮ್ ಇರುವ ರಿಪೇರಿ ಕಿಟ್ ಹುಡುಕುವಾಗ ನಾನು ಎಡವುತ್ತಿದ್ದೆ. ಒಂದು ಹಳೇ ಅಂಗಡಿಯ ಅಟ್ಟದಿಂದ ಧೂಳು ಹಿಡಿದ ಒರಿಜಿನಲ್ ಕಿಟ್ ತೆಗೆದುಕೊಟ್ಟರು. ಕೈ ನಡುಗಿತು ಸಂತೋಷಕ್ಕೆ. ಆದರೆ ಹಳೇ ಸ್ಟಾಕ್ ಅಂದರೆ ಹಳೇ ರಬ್ಬರ್. ಅದನ್ನೂ ತಂದೆ, ಇನ್ನೊಂದು ಕಡೆ ಸಿಕ್ಕ ಈಚಿನ ವಿಟಾನ್ (ಪೆಟ್ರೋಲಿಗೆ ಜಗ್ಗದ ಒಂದು ಬಗೆಯ ರಬ್ಬರ್) ಡಯಾಫ್ರಾಮೂ ತಂದೆ. ಮೂರು ಗಾಜಿನ ಬಾಟಲಿಗೆ ಬಂಕಿನ ಪೆಟ್ರೋಲ್ ಹಾಕಿ, ಒಂದೊಂದರಲ್ಲಿ ಒಂದೊಂದು ತುಂಡು ಮುಳುಗಿಸಿ, ಮುಚ್ಚಳ ಬಿಗಿದು ಹಿತ್ತಲಿನ ನೆರಳಲ್ಲಿ ಒಂದು ವಾರ ಇಟ್ಟೆ. ಜೆ.ಸಿ. ರೋಡಿನ ಹೊಸ ಪಂಪಿನ ಹರಿದ ಡಯಾಫ್ರಾಮಿನ ತುಂಡು ಊದಿಕೊಂಡು ಅಂಚು ಸೊಟ್ಟಗಾಗಿತ್ತು. ಅಟ್ಟದ ಕಿಟ್ಟಿನದು ಮಡಚಿದ ಕೂಡಲೇ ಬಿರುಕು ಬಿಟ್ಟಿತು. ವಿಟಾನ್ ಹಾಕಿದ್ದ ಹಾಗೇ ಇತ್ತು.

ಡಯಾಫ್ರಾಮ್ 350, ಗುಜರಿ ಪಂಪಿನಿಂದ ತೆಗೆದ ವಾಲ್ವ್ ಎರಡು, ಮೇಸ್ತ್ರಿ ಕೂಲಿ 300. ಮುಚ್ಚಳದ ಅಂಚು ಸ್ವಲ್ಪ ಸೊಟ್ಟಗಿತ್ತು, ಗಾಜಿನ ಮೇಲೆ ಎಮರಿ ಪೇಪರ್ ಹಾಸಿ ನಾನೇ ಉಜ್ಜಿ ಸಮ ಮಾಡಿದೆ. ಸ್ಕ್ರೂ ಬಿಗಿಯುವಾಗ ಲಿವರ್ ಒತ್ತಿ ಹಿಡಿದುಕೊಂಡು ಒಂದು ಬಿಟ್ಟು ಒಂದು ಬಿಗಿಯಬೇಕು, ಇಲ್ಲದಿದ್ದರೆ ಡಯಾಫ್ರಾಮ್ ಸೆಳೆದು ಬೇಗ ಹರಿಯುತ್ತದೆ. ಟ್ಯಾಂಕಿನಿಂದ ಬರುವ ರಬ್ಬರ್ ಪೈಪುಗಳನ್ನೂ ಆಗಲೇ ಬದಲಿಸಿ.

ಅದಾದ ಮೇಲೆ ಮೂರು ಸಲ ಶಿರಾಡಿ ಹತ್ತಿದ್ದೇನೆ. ಒಮ್ಮೆಯೂ ನಿಂತಿಲ್ಲ, ಆಯಿಲ್ ಕಡ್ಡಿಯಲ್ಲಿ ಆಯಿಲಿನ ವಾಸನೆ ಮಾತ್ರ.

ದಿನಾ ಆಫೀಸಿಗೆ ಪದ್ಮಿನಿಯಲ್ಲೇ ಹೋಗುವವರು, ಪಂಪ್ ಬಿಚ್ಚಿ ಕೂರಲು ಪುರುಸೊತ್ತಿಲ್ಲದವರು ಹೊಸದನ್ನೇ ಕೊಳ್ಳಬಹುದು. ಹಳೇ ಪಂಪನ್ನು ಜೊತೆಗೆ ಒಯ್ದು, ಅಂಗಡಿಯಲ್ಲೇ ಲಿವರಿನ ಪಕ್ಕ ಲಿವರ್ ಇಟ್ಟು ಅಳೆದು ತನ್ನಿ. ನನ್ನ ಹಾಗೆ ವಾರಕ್ಕೊಂದು ಸುತ್ತು ಹೋಗುವವರಿಗೆ ಹಳೇ ಎರಕಕ್ಕೆ ಹೊಸ ರಬ್ಬರೇ ಸರಿ.

ಹೊಸ ಪಂಪನ್ನು ಅರಸೀಕೆರೆಯ ಒಬ್ಬರು 200ಕ್ಕೆ ಕೊಂಡರು. ಲಿವರ್ ಉದ್ದ ಇದೆ, ಡಯಾಫ್ರಾಮ್ ಹರಿದಿದೆ ಅಂತ ಹೇಳಿಯೇ ಕೊಟ್ಟೆ. ಅವರಿಗೆ ಬೇಕಿದ್ದದ್ದು ಮೇಲಿನ ಮುಚ್ಚಳವೂ ಅದರ ಜಾಲರಿಯೂ ಮಾತ್ರವಂತೆ. ಗುಜರಿ ಪಂಪ್ ಡಿಕ್ಕಿಯಲ್ಲಿದೆ. ಹಾಸನದ ಒಬ್ಬ ಲೇತಿನವರು ಅದಕ್ಕೆ ಬುಷ್ ಕೂರಿಸಿಕೊಡುತ್ತೇನೆ ಅಂದಿದ್ದಾರೆ. ಇನ್ನೊಂದು ವಿಟಾನ್ ಡಯಾಫ್ರಾಮ್ ಈಗಲೇ ತಂದಿಟ್ಟಿದ್ದೇನೆ.