ಅಸೆಂಬಲ್ಡ್ ಪಿಸಿ ತಗೊಳ್ಳುವವರು ದಯವಿಟ್ಟು ಇದನ್ನು ಓದಿ

ಸಿಟ್ಟು ಇನ್ನೂ ಇಳಿದಿಲ್ಲ. ಬರೆಯಲು ನಾಚಿಕೆಯೂ ಆಗುತ್ತಿದೆ. ಆದರೂ ಬೇರೆಯವರು ಮೋಸ ಹೋಗಬಾರದು ಅಂತ ಬರೆಯುತ್ತಿದ್ದೇನೆ.

ಮಗಳು ಆರ್ಕಿಟೆಕ್ಚರ್ ಓದುತ್ತಿದ್ದಾಳೆ. ಅವಳಿಗೋಸ್ಕರ ಬೆಂಗಳೂರಿನ ಎಸ್‌ಪಿ ರೋಡಿನ ಒಂದು ಅಂಗಡಿಯಲ್ಲಿ 68,000ಕ್ಕೆ ಪಿಸಿ ಮಾಡಿಸಿದೆ. ರೈಜನ್ 5, 16 ಜಿಬಿ ರ‍್ಯಾಮ್, 1 ಟಿಬಿ ಎಸ್‌ಎಸ್‌ಡಿ. 'ಒರಿಜಿನಲ್ ವಿಂಡೋಸ್ 11' ಅಂತ ಮೇಲೆ 3,000. ಬಿಲ್ ಕೇಳಿದೆ. "ಬಿಲ್ ಬೇಕಂದ್ರೆ 18 ಪರ್ಸೆಂಟ್ ಜಿಎಸ್‌ಟಿ ಬೀಳುತ್ತೆ ಸರ್. ನಾವೆಲ್ಲಿಗೆ ಹೋಗ್ತೀವಿ, ಇಲ್ಲೇ ಇರ್ತೀವಲ್ಲ" ಅಂದರು. ಒಪ್ಪಿಕೊಂಡೆ. ಕ್ಯಾಶ್ ಎಣಿಸಿ ಕೊಟ್ಟೆ. ನನ್ನ ತಪ್ಪು ಅದೇ.

ನಾಲ್ಕನೇ ದಿನವೇ ಬ್ಲೂ ಸ್ಕ್ರೀನ್, ಅಂದರೆ ವಿಂಡೋಸ್ ಕೆಟ್ಟು ಪರದೆ ನೀಲಿಯಾಗಿ ನಿಂತುಬಿಡೋದು. ಫೋನ್ ಮಾಡಿದರೆ, "ಅಪ್‌ಡೇಟ್ ಮಾಡಿದ್ರಾ? ಅದನ್ನ ಆಫ್ ಮಾಡಿ ಸರ್." ಒರಿಜಿನಲ್ ವಿಂಡೋಸ್‌ಗೆ ಅಪ್‌ಡೇಟ್ ಯಾಕೆ ಮಾಡಬಾರದು? ಆಗಲೇ ಕೇಳಬೇಕಿತ್ತು, ಕೇಳಲಿಲ್ಲ. ರ‍್ಯಾಮ್ ಬಿಚ್ಚಿ ಹಾಕಿದೆ. ರಾತ್ರಿಯಿಡೀ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿದೆ, ಒಂದು ಎರರ್ ಇಲ್ಲ. ಡ್ರೈವರ್ ಎಲ್ಲ ಹೊಸದಾಗಿ ಹಾಕಿದೆ. ಮಗಳ ಸಬ್‌ಮಿಷನ್ ಡ್ರಾಯಿಂಗ್ ಎರಡು ಸಲ ಹಾಳಾಯಿತು. ಅವಳು ಅತ್ತಳು.

ಕೊನೆಗೆ ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಎಸ್‌ಎಲ್‌ಎಂಜಿಆರ್ /ಎಕ್ಸ್‌ಪಿಆರ್' (slmgr /xpr) ಕೊಟ್ಟು ನೋಡಿದೆ; ವಿಂಡೋಸ್ ಆಕ್ಟಿವೇಶನ್ ಸ್ಥಿತಿ ತೋರಿಸುವ ಕಮಾಂಡ್ ಅದು. ದುಡ್ಡು ಕೊಟ್ಟು ತಗೊಂಡ ರಿಟೇಲ್ ಲೈಸೆನ್ಸ್ ಆದರೆ ಪರ್ಮನೆಂಟ್ ಆಗಿ ಆಕ್ಟಿವೇಟ್ ಆಗಿದೆ ಅಂತ ಬರಬೇಕು. ನನಗೆ ಬಂದದ್ದು ಮುಗಿಯುವ ತಾರೀಕು! ಕಂಪನಿಗಳಿಗೆ ಅಂತ ಇರುವ 180 ದಿನದ ಕೆಎಂಎಸ್ ಆಕ್ಟಿವೇಶನ್ ಅದು. ಲೈಸೆನ್ಸ್ ಇಲ್ಲದೆ ವಿಂಡೋಸ್ ಓಡಿಸುವ ಕ್ರ್ಯಾಕ್ ಟೂಲ್ ಹಾಕಿ ಕೂರಿಸಿದ್ದಾರೆ. ಅದು ಸಿಕ್ಕಿಬೀಳಬಾರದು ಅಂತ ವಿಂಡೋಸ್‌ನ ಆಂಟಿವೈರಸ್ ಆದ ಡಿಫೆಂಡರ್‌ನಲ್ಲಿ ಇಡೀ ಸಿ ಡ್ರೈವನ್ನೇ ಎಕ್ಸ್‌ಕ್ಲೂಷನ್‌ಗೆ ಸೇರಿಸಿದ್ದಾರೆ, ಅಂದರೆ ಅಲ್ಲಿ ವೈರಸ್ ಹುಡುಕೋದೇ ಇಲ್ಲ. ಅದೇ ಪಿಸಿಯಲ್ಲಿ ನಾನು ನೆಟ್ ಬ್ಯಾಂಕಿಂಗ್ ಮಾಡಿದ್ದೆ.

ಮೈಕ್ರೋಸಾಫ್ಟ್ ಸೈಟಿನಿಂದಲೇ ಪೆನ್‌ಡ್ರೈವ್‌ಗೆ ಇಳಿಸಿಕೊಂಡು ಎಲ್ಲ ಅಳಿಸಿ ಹೊಸದಾಗಿ ಹಾಕಿದೆ. ಮತ್ತೆ ಬ್ಲೂ ಸ್ಕ್ರೀನ್. ಆಮೇಲೆ ಡಿಸ್ಕಿನ ಸ್ಥಿತಿ ತೋರಿಸುವ ಕ್ರಿಸ್ಟಲ್ ಡಿಸ್ಕ್ ಇನ್ಫೋ ತೆರೆದೆ. ಎಸ್‌ಎಸ್‌ಡಿಯ ಪವರ್ ಆನ್ ಅವರ್ಸ್ (ಈವರೆಗೆ ಓಡಿದ ಗಂಟೆಗಳು): 6,214. ಕಣ್ಣುಜ್ಜಿಕೊಂಡು ಮತ್ತೆ ನೋಡಿದೆ. ಪಿಸಿ ಮನೆಗೆ ಬಂದು ಮೂರು ವಾರ. ಹಗಲು ರಾತ್ರಿ ಆಫ್ ಮಾಡದೆ ಇಟ್ಟರೂ 504 ಗಂಟೆ ದಾಟಲ್ಲ. ಯಾರೋ ಬಳಸಿ ಬಿಸಾಕಿದ್ದನ್ನು ಹೊಸದು ಅಂತ ಹಾಕಿಕೊಟ್ಟಿದ್ದಾರೆ!

ಫೋಟೋ ಕಳಿಸಿದೆ. ಮೊದಲ ಉತ್ತರ: "ಅದು ಫ್ಯಾಕ್ಟರಿ ಟೆಸ್ಟಿಂಗ್ ಅವರ್ಸ್ ಸರ್." ಎಂಟು ತಿಂಗಳಿಗೂ ಜಾಸ್ತಿ ಟೆಸ್ಟ್ ಮಾಡ್ತಾರಾ? ವಿಂಡೋಸ್ ಬಗ್ಗೆ ಕೇಳಿದ್ದಕ್ಕೆ, "ಎಲ್ರೂ ಇದನ್ನೇ ಹಾಕೋದು ಸರ್, ನೀವೊಬ್ರೇ ಕಂಪ್ಲೇಂಟ್ ಮಾಡ್ತಿರೋದು." ಅಂಗಡಿಗೇ ಹೋದೆ. ನಾಲ್ಕು ಜನ ಗಿರಾಕಿಗಳ ಎದುರು, "ನೀವೇ ಬಿಚ್ಚಿದ್ದೀರ, ವಾರಂಟಿ ಹೋಯ್ತು. ಎಸ್‌ಎಸ್‌ಡಿ ನೀವೇ ಬದಲಾಯಿಸಿಲ್ಲ ಅಂತ ಏನು ಗ್ಯಾರಂಟಿ?" ಅಂದುಬಿಟ್ಟರು. ಮೋಸ ಹೋದವನು ನಾನು, ಕಳ್ಳನ ಹಾಗೆ ನಿಂತವನೂ ನಾನೇ.

ಸೀಲ್ ಆದ ಬಾಕ್ಸ್ ನಿಮ್ಮೆದುರೇ ಒಡೆಸಿ. ಖಾಲಿ ಬಾಕ್ಸ್‌ಗಳನ್ನೂ ಮನೆಗೆ ತನ್ನಿ. ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್ ಬರೆಸಿ. ಮೇಲಿನ ಎರಡು ಪರೀಕ್ಷೆಗಳನ್ನೂ (ಆಕ್ಟಿವೇಶನ್ ಕಮಾಂಡ್, ಕ್ರಿಸ್ಟಲ್ ಡಿಸ್ಕ್ ಇನ್ಫೋ) ಅಂಗಡಿಯಲ್ಲೇ ಮಾಡಿ, ಆಮೇಲೆ ದುಡ್ಡು ಕೊಡಿ. ಐದು ನಿಮಿಷದ ಕೆಲಸ. "ಇಲ್ಲೇ ಇರ್ತೀವಲ್ಲ" ಅನ್ನುವ ಮಾತನ್ನು ಮಾತ್ರ ನಂಬಬೇಡಿ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡೋಣ ಅಂತ ಕೂತಿದ್ದೇನೆ. ತೋರಿಸಲು ನನ್ನ ಹತ್ತಿರ ಇರುವುದು ಅಂಗಡಿಯ ವಿಸಿಟಿಂಗ್ ಕಾರ್ಡ್, ಅದರ ಹಿಂದೆ ಪೆನ್ನಲ್ಲಿ ಬರೆದ ಲೆಕ್ಕ, ಅಷ್ಟೇ.