ನೋಡಿ ಬರೆಯುವ ಪಾಠ: ಕುಮಟಾದ ಒಂದು ಭಾನುವಾರದ ತರಗತಿ

ಪ್ರೌಢಶಾಲೆಯ ಮಕ್ಕಳಿಗೆ ವಿಡಿಯೊ ಮತ್ತು ಧ್ವನಿಮುದ್ರಣಗಳ ಮೂಲಕ ಕನ್ನಡ ಬರವಣಿಗೆ ಕಲಿಸುವ ಖಾಸಗಿ ತರಗತಿಯೊಂದು ಕುಮಟಾದಲ್ಲಿ ಭಾನುವಾರಗಳಂದು ನಡೆಯುತ್ತಿದ್ದು, ಒಂಬತ್ತನೆಯ ತರಗತಿಯ ನನ್ನ ಮಗಳು ಮಳೆಗಾಲದಿಂದ ಅಲ್ಲಿಗೆ ಹೋಗುತ್ತಿದ್ದಾಳೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ದೀಕ್ಷಾ ಎಂಬ ಸರ್ಕಾರಿ ಕಲಿಕಾ ಜಾಲತಾಣದಲ್ಲಿ ಪಾಠದ ಸಾಮಗ್ರಿ ಉಚಿತವಾಗಿ ಸಿಗುವಾಗ ಇದಕ್ಕೆ ಹಣ ಕೊಡಬೇಕೇ ಎಂಬ ಅನುಮಾನ ನನಗೂ ಇತ್ತು. ಆದರೆ ಅಲ್ಲಿನ ಸಾಮಗ್ರಿ ಪಾಠವನ್ನು ವಿವರಿಸುತ್ತದೆ. ಇಲ್ಲಿ ವಿವರಿಸುವ ಕೆಲಸ ಮಕ್ಕಳದ್ದು.

ಗೋಕರ್ಣದ ಬಳಿಯ ಸಾಣಿಕಟ್ಟಾದ ಉಪ್ಪಿನ ಆಗರದ ಪುಟ್ಟ ವಿಡಿಯೊವನ್ನು ಮೊದಲು ಧ್ವನಿಯಿಲ್ಲದೆ ತೋರಿಸಿದರು. ಸಮುದ್ರದ ನೀರನ್ನು ಪಾತಿಗಳಿಗೆ ಹಾಯಿಸುವುದರಿಂದ ಹಿಡಿದು, ಅದು ಬಿಸಿಲಿಗೆ ಆವಿಯಾಗಿ ಹರಳುಗಟ್ಟಿದ ಉಪ್ಪನ್ನು ಎಳೆದು ರಾಶಿ ಹಾಕುವವರೆಗೆ ಕಣ್ಣಿಗೆ ಬಿದ್ದ ಕೆಲಸಗಳನ್ನಷ್ಟೇ ಮಕ್ಕಳು ಗುರುತು ಹಾಕಿಕೊಳ್ಳಬೇಕಿತ್ತು. ನಿರೂಪಕರ ಮಾತೇ ಕೇಳಿಸದ ಮೇಲೆ ಅದನ್ನು ನಕಲು ಮಾಡುವ ಪ್ರಶ್ನೆಯೇ ಇಲ್ಲ. ಬಳಿಕ ಪರದೆ ಆರಿಸಿ ಆಗರದ ಸದ್ದನ್ನು ಮಾತ್ರ ಕೇಳಿಸಿ, ಕರಡು ಬರೆಸಿ, ಮತ್ತೊಮ್ಮೆ ಪೂರ್ತಿ ತೋರಿಸಿ, ಬಿಟ್ಟುಹೋದದ್ದನ್ನು ಸೇರಿಸಲು ಹೇಳಿದರು. ಯಾವ ವಿಷಯ ಕೊಟ್ಟರೂ "ಮಾನವನ ಜೀವನದಲ್ಲಿ ಮಹತ್ವದ ಪಾತ್ರ ವಹಿಸುತ್ತದೆ" ಎಂದೇ ಆರಂಭಿಸುತ್ತಿದ್ದ ಮಗಳು (ಗೈಡುಗಳ ಪ್ರಬಂಧಗಳಿಗೆಲ್ಲ ಅದೇ ನಾಂದಿ) ಈಗ ಯಾವುದರ ನಂತರ ಯಾವುದು ನಡೆಯಿತು ಎಂಬುದನ್ನು ತಪ್ಪದೆ ಬರೆಯುತ್ತಾಳೆ.

ಕೊರತೆ ಇರುವುದು ತಿದ್ದುವಿಕೆಯಲ್ಲಿ. ಅಲ್ಪಪ್ರಾಣ, ಮಹಾಪ್ರಾಣದ ತಪ್ಪುಗಳಿಗೆ ಕೆಂಪು ಗೆರೆ ಬೀಳುತ್ತದೆಯೇ ಹೊರತು, ತುಂಡುತುಂಡಾದ ವಾಕ್ಯಗಳನ್ನು ಹೇಗೆ ಬೆಸೆಯಬೇಕೆಂದು ಯಾರೂ ಕೂತು ಹೇಳುವುದಿಲ್ಲ. ಮನೆಯಲ್ಲಿ ಕೊಂಕಣಿ ಮಾತನಾಡುವ ಮಕ್ಕಳು ಇಲ್ಲಿ ಅನೇಕರಿದ್ದು, ಕಂಡದ್ದನ್ನು ಬರಹದ ಕನ್ನಡಕ್ಕೆ ತರಲು ಅವರಿಗೆ ಇನ್ನಷ್ಟು ನೆರವು ಬೇಕು. ವಿಡಿಯೊ ಬರೆಯಲು ವಿಷಯ ಕೊಟ್ಟೀತು, ವಾಕ್ಯ ಕೊಡಲಾರದು. ದೃಶ್ಯದ ಆಯ್ಕೆಯಲ್ಲೂ ಹಿಡಿತ ಸಾಲದು: ಒಂದು ವಾರ ಯಕ್ಷಗಾನದ ದೀರ್ಘ ಮುದ್ರಿಕೆಯನ್ನು ಹಾಕಿದ್ದರಿಂದ ಇಡೀ ಅವಧಿ ನೋಡುವುದರಲ್ಲೇ ಮುಗಿದು, ಮಕ್ಕಳು ಖಾಲಿ ಹಾಳೆಯೊಂದಿಗೆ ಮನೆಗೆ ಬಂದರು.

ತಿಂಗಳಿಗೆ 600 ರೂಪಾಯಿ ಶುಲ್ಕ ದುಬಾರಿಯಲ್ಲ. ಎಂಟು, ಒಂಬತ್ತನೆಯ ತರಗತಿಯವರನ್ನು ಧಾರಾಳವಾಗಿ ಸೇರಿಸಬಹುದು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆಂದು ಪತ್ರಲೇಖನದ ನಮೂನೆ ಮತ್ತು ಗಾದೆ ವಿಸ್ತರಣೆಯ ಅಭ್ಯಾಸವನ್ನು ಬಯಸುವವರು ಮಾತ್ರ ಬೇರೆ ಕಡೆ ವಿಚಾರಿಸುವುದು ಲೇಸು. ಇಲ್ಲಿ ಅವೆರಡನ್ನೂ ಕಲಿಸುವುದಿಲ್ಲ.