ಕೆಗ್ ತುಂಬಿತೋ ಇಲ್ಲವೋ: ಮೂರು ತೂಕದ ಯಂತ್ರಗಳು

ಪಾರ್ಸಲ್ ತೂಗುವ ಯಂತ್ರವನ್ನು ಮೊದಲೇ ಕೊಂಡಿದ್ದರೆ ಅರ್ಧ ಲೀಟರ್ ಬಿಯರ್ ನೆಲದ ಪಾಲಾಗುತ್ತಿರಲಿಲ್ಲ.

ಗಾಳಿ ತಾಕದಿರಲಿ ಅಂತ ಕೆಗ್‌ಗೆ, ಅಂದರೆ ಬಿಯರ್ ತುಂಬಿಡುವ ಸ್ಟೀಲ್ ಪೀಪಾಯಿಗೆ, ಕಾರ್ಬನ್ ಡೈಆಕ್ಸೈಡ್ ತುಂಬಿ, ಮುಚ್ಚಳ ಬಿಗಿದೇ ಮನೆಯಲ್ಲಿ ಮಾಡಿದ ಬಿಯರ್ ಇಳಿಸುವವನು ನಾನು. ಒಳಗೆ ಎಷ್ಟಾಯಿತು ಅಂತ ಕಾಣುವುದಿಲ್ಲ, ತೂಕವೇ ಗತಿ. ತಣ್ಣಗಿನ ಬಿಯರ್ ಆದರೆ ಕೆಗ್ಗಿನ ಹೊರಮೈ ಬೆವರಿದ ಗೆರೆ ನೋಡಿ ಅಂದಾಜು ಮಾಡಬಹುದು. ನಾನು ತಣ್ಣಗೆ ಮಾಡದೆ ತುಂಬಿಸುತ್ತೇನೆ, ಗೆರೆ ಮೂಡುವುದೇ ಇಲ್ಲ.

ಮೊದಲು ಬಳಸಿದ್ದು ಮನೆಯಲ್ಲೇ ಇದ್ದ, ನಾವು ಹತ್ತಿ ನಿಲ್ಲುವ ಡಿಜಿಟಲ್ ಯಂತ್ರ. ಖರ್ಚಿಲ್ಲ ಅಂತ ಖುಷಿಪಟ್ಟೆ. ಖಾಲಿ ಕೆಗ್ ಇಟ್ಟೆ, 4.3 ಅಂತ ಎರಡು ಸಲ ಮಿನುಗಿ ನಿಂತಿತು. ಬಿಯರ್ ಇಳಿಯುತ್ತಿದೆ, ಪೈಪಿನಲ್ಲಿ ಕಾಣುತ್ತಿದೆ, ಅಂಕಿ ಮಾತ್ರ 4.3ರಲ್ಲೇ! ತೂಕ ಒಮ್ಮೆ ಸ್ಥಿರವಾದರೆ ಅದನ್ನೇ ಹಿಡಿದು ಕೂರುವುದು ಅದರ ಗುಣ. ನಿಂತಲ್ಲೇ ದಪ್ಪಗಾಗುವ ಮನುಷ್ಯ ಯಾರೂ ಇಲ್ಲವಲ್ಲ.

ಸ್ವಲ್ಪ ಹೊತ್ತಿಗೆ ತಾನಾಗಿ ಆರಿಯೂ ಹೋಯಿತು. ಮತ್ತೆ ಹೊತ್ತಿಸಿದರೆ ಮೇಲಿದ್ದ ಭಾರವನ್ನೇ ಸೊನ್ನೆ ಅಂದುಕೊಂಡಿತು. ಸರಿ, ಪ್ರತಿ ಸಲವೂ ಬಿಯರ್ ಬರುವುದೊಂದು, ಗ್ಯಾಸ್ ಹೊರಹೋಗುವುದೊಂದು, ಹೀಗೆ ಎರಡೆರಡು ಪೈಪು ಜೋತಾಡುವ ಕೆಗ್ಗನ್ನು ಎತ್ತಿ, ಯಂತ್ರ ಹೊತ್ತಿಸಿ, ಮತ್ತೆ ಇಡಬೇಕು. ನಾಲ್ಕನೇ ಸಲ ಸೊಂಟ ಬೇಡ ಅಂದಿತು. ‘ಇನ್ನೂ ಎರಡು ಲೀಟರ್ ಹಿಡಿಯುತ್ತದೆ’ ಅಂತ ಮನಸ್ಸಲ್ಲೇ ಲೆಕ್ಕ ಹಾಕಿದೆ. ಗ್ಯಾಸ್ ಪೈಪಿನಿಂದ ಬಿಯರ್ ಚಿಮ್ಮಿದಾಗಲೇ ಲೆಕ್ಕ ತಪ್ಪಿದ್ದು ಗೊತ್ತಾಗಿದ್ದು.

ಸೂಟ್‌ಕೇಸ್ ತೂಗುವ ಕೊಕ್ಕೆ ಯಂತ್ರಕ್ಕೂ ಅದೇ ರೋಗ. ಜೊತೆಗೆ 23 ಕಿಲೋ ನೇತುಹಾಕಲು ತೊಲೆ ಬೇರೆ ಹುಡುಕಬೇಕು.

ಪಾರ್ಸಲ್ ಯಂತ್ರದ ಅಂಕಿ ಪಟ್ಟಿ ವೈರಿನ ತುದಿಯಲ್ಲಿದೆ, ಕುಕ್ಕರುಗಾಲಲ್ಲಿ ಕೂತು ಬಗ್ಗಿ ನೋಡಬೇಕಿಲ್ಲ. ಅಡಾಪ್ಟರ್ ಹಾಕಿದರೆ ನನ್ನದು ಆರುವುದಿಲ್ಲ, ಅಂಕಿ ಏರುತ್ತಲೇ ಇರುತ್ತದೆ. ಪೈಪುಗಳನ್ನು ಸಿಕ್ಕಿಸಿದ ಮೇಲೆಯೇ ಸೊನ್ನೆ ಮಾಡುತ್ತೇನೆ. ಪೈಪು ಬಿಗಿಯಾಗಿ ಎಳೆದಿದ್ದರೆ ತೂಕ ಸುಳ್ಳು ಹೇಳುತ್ತದೆ, ಸಡಿಲ ಬಿಡಬೇಕು. ಫೈನಲ್ ಗ್ರ್ಯಾವಿಟಿ (ಹುದುಗು ಮುಗಿದ ಬಿಯರ್ ನೀರಿಗಿಂತ ಎಷ್ಟು ಪಟ್ಟು ಭಾರ ಅನ್ನುವ ಅಳತೆ) 1.010 ಇದ್ದರೆ 18 ಲೀಟರ್ ಅಂದರೆ 18.18 ಕಿಲೋ. 19 ಲೀಟರಿನ ಕೆಗ್‌ಗೆ ಅಲ್ಲೇ ನಿಲ್ಲಿಸುತ್ತೇನೆ. ಹೊರಹೋಗುವ ಗ್ಯಾಸಿನ ತೂಕ ಎಲ್ಲ ಸೇರಿ ಸುಮಾರು 35 ಗ್ರಾಂ, ತಲೆ ಕೆಡಿಸಿಕೊಳ್ಳುವುದಿಲ್ಲ.

ವರ್ಷಕ್ಕೆ ಎರಡೇ ಕೆಗ್ ತುಂಬಿಸುವವರು ಇದಕ್ಕೆ ದುಡ್ಡು ಹಾಕಬೇಕಿಲ್ಲ. ನಾನು ತಿಂಗಳಿಗೊಂದು ತುಂಬಿಸುತ್ತೇನೆ, ಸೊಂಟವೂ ಹಳೆಯದು. ಹಳೇ ಯಂತ್ರ ಬಚ್ಚಲಿಗೆ ವಾಪಸ್ಸಾಗಿದೆ, ಹತ್ತಿದರೆ ಇನ್ನೂ ಬಿಯರ್ ಅಂಟಂಟು.